ಮಧುರೆಯಲ್ಲಿ ಕಳೆದ ಒಂದು ದಿನ

ನನಗೆ ಫೋನ್ ಮಾಡುವ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನನ್ನ ಆರೋಗ್ಯವನ್ನು ವಿಚಾರಿಸಿದ ಮರುಕ್ಷಣವೇ ಕೇಳುವ ಪ್ರಶ್ನೆ, “ಡ್ರಾಯಿಂಗ್ ಮೇಷ್ಟ್ರು ಹೇಗಿದ್ದಾರೆ ಸಾರ್?” ಎಂಬುದು. ಇದರಿಂದ ನನಗೆ ಅಸೂಯೆಯೇನೂ ಇಲ್ಲ. ಇಸವಿಗಳನ್ನು ಬಾಯಿಪಾಠ ಮಾಡಿಸಿದ ಸಮಾಜ ವಿಜ್ಞಾನದ ಮೇಷ್ಟ್ರಿಗಿಂತ, ಬಣ್ಣದ ಸೀಮೆಸುಣ್ಣವನ್ನು ಕೈಗಿತ್ತವರು ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಸಹಜವೇ ಆಗಿದೆ. ಅವರು ಕ್ಷೇಮವಾಗಿದ್ದಾರೆ. ಈಗಲೂ ಬೆಳಿಗ್ಗೆ ಒಂದು ತಾಸು ಚಿತ್ರ ಬರೆಯುತ್ತಾರೆ. ಅವರೊಡನೆ ಮಧುರೆಯಲ್ಲಿ ಕಳೆದ ಒಂದು ದಿನದ ಸಂಗತಿಯನ್ನು ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಮೊನ್ನೆ ಅವರ ಅನುಮತಿ ಕೇಳಿದೆ. “ಹೆಸರು ಹಾಕಬೇಡಿ. ಮಿಕ್ಕಂತೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ” ಎಂದರು. ನಮ್ಮ ಶಾಲೆಯಲ್ಲಿ ಓದಿದವರಿಗೆ ಹೆಸರಿನ ಅಗತ್ಯವೂ ಇಲ್ಲ.

2019ರ ಜನವರಿ. ನಾನು ನಿವೃತ್ತನಾದ ಮರುವರ್ಷ. ಸಂಕ್ರಾಂತಿಯ ನೂಕುನುಗ್ಗಲು ಮುಗಿದ ಮೇಲೆ ನಾವು ನಾಲ್ವರು, ಎಂದರೆ ಅವರ ದಂಪತಿ ಮತ್ತು ನಮ್ಮ ದಂಪತಿ, ಮೈಸೂರಿನಿಂದ ತೂತ್ತುಕುಡಿಗೆ ಹೋಗುವ ರಾತ್ರಿಯ ರೈಲಿನಲ್ಲಿ ಮಧುರೆಗೆ ಹೊರಟೆವು. ನಾಲ್ವರ ಉದ್ದೇಶಗಳೂ ಬೇರೆಬೇರೆಯಾಗಿದ್ದವು. ನನ್ನ ಮನೆಯಾಕೆಗೆ ಮೀನಾಕ್ಷಿಯ ದರ್ಶನವಾಗಬೇಕಿತ್ತು. ಮೇಷ್ಟ್ರ ಪತ್ನಿಗೆ ಸುಂಗುಡಿ ಸೀರೆ ಕೊಳ್ಳಬೇಕಿತ್ತು. ನನಗೆ ಗಾಂಧಿ ವಸ್ತುಸಂಗ್ರಹಾಲಯವನ್ನು ನೋಡಬೇಕಿತ್ತು. ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಗಾಂಧೀಜಿಯ ಪಾಠವನ್ನು ಮಾಡಿಯೂ, ಅವರು ಪೂರ್ಣ ಉಡುಗೆಯನ್ನು ತ್ಯಜಿಸಿದ ಊರನ್ನು ನಾನು ಕಂಡಿರಲಿಲ್ಲ. ಮೇಷ್ಟ್ರು ಮಾತ್ರ, “ಗೋಪುರಗಳ ನಕ್ಷೆ ತೆಗೆಯುತ್ತೇನೆ, ಹೊರಗಿನಿಂದ” ಎಂದಿದ್ದರು.

“ಹೊರಗಿನಿಂದ” ಎಂಬ ಮಾತಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ನಮ್ಮೊಡನೆ ಶಾಲಾ ಪ್ರವಾಸಕ್ಕೆ ಬಂದಿದ್ದವರೆಲ್ಲ ಒಂದು ದೃಶ್ಯವನ್ನು ನೆನಪಿಸಿಕೊಳ್ಳಬಲ್ಲಿರಿ. ಬೇಲೂರಿರಲಿ, ಶೃಂಗೇರಿಯಿರಲಿ, ನಂಜನಗೂಡಿರಲಿ, ನೂರು ಮಕ್ಕಳು ಸಾಲಾಗಿ ಒಳಗೆ ಹೋದಾಗ ಡ್ರಾಯಿಂಗ್ ಮೇಷ್ಟ್ರು ಬಸ್ಸಿನ ಬಳಿ ಉಳಿಯುತ್ತಿದ್ದರು. “ನೀವು ಹೋಗಿ ಬನ್ನಿ, ಚಪ್ಪಲಿ ನಾನು ನೋಡಿಕೊಳ್ಳುತ್ತೇನೆ” ಎನ್ನುವರು. ನಾವು ಮರಳುವಷ್ಟರಲ್ಲಿ ಅವರ ಪುಸ್ತಕದಲ್ಲಿ ದೇವಾಲಯದ ಹೊರಗೋಡೆ, ಬಾಗಿಲವಾಡ, ಎದುರಿನ ಹೂವಿನಂಗಡಿ ಎಲ್ಲವೂ ಮೂಡಿರುತ್ತಿದ್ದವು. ಅವರು ನಾಸ್ತಿಕರೆಂದು ಕೆಲವು ಮಕ್ಕಳು ತಿಳಿದಿದ್ದರು. ಕಾಲುನೋವೆಂದು ಕೆಲವರು. ನಿಜವಾದ ಕಾರಣವನ್ನು ಅವರು ನನಗೆ ಎಷ್ಟೋ ವರ್ಷಗಳ ಹಿಂದೆಯೇ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ಒಂದೇ ಕೋಣೆಯಲ್ಲಿ ಉಳಿದಿದ್ದಾಗ ಹೇಳಿದ್ದರು.

ಅವರ ತಂದೆ ಊರಿನ ದೇವಸ್ಥಾನದ ನಗಾರಿಗೆ ಚರ್ಮ ಬಿಗಿಯುತ್ತಿದ್ದರು. ತೇರಿನ ದಿನ ತಮಟೆ ಹಿಡಿದು ರಥದ ಮುಂದೆ ನಡೆಯುತ್ತಿದ್ದರು. ತೇರು ನೆಲೆಗೆ ಮರಳಿದಾಗ ಅವರ ತಮಟೆ ಪ್ರಾಕಾರದ ಹೊರಗೇ ನಿಲ್ಲಬೇಕಾಗಿತ್ತು. ಬಿಗಿದ ಚರ್ಮ ಒಳಗೆ ಹೋಗುತ್ತಿತ್ತು, ಬಿಗಿದ ಮನುಷ್ಯ ಹೊರಗೆ ಉಳಿಯುತ್ತಿದ್ದ. ಇದು 1960ರ ದಶಕದ ಮಾತು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ 1950ರಲ್ಲಿಯೇ ಜಾರಿಗೆ ಬಂದಿತ್ತು. ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿದ ಕಾಯಿದೆ 1955ರಲ್ಲಿ ಬಂದಿತ್ತು. ಕಾಯಿದೆಯ ಪ್ರಕಾರ ಬಾಗಿಲು ತೆರೆದೇ ಇತ್ತು, ಊರಿನ ಪ್ರಕಾರ ಮುಚ್ಚಿತ್ತು. ತಂದೆ ತೀರಿಕೊಳ್ಳುವವರೆಗೂ ಆ ಹೊಸ್ತಿಲನ್ನು ದಾಟಲಿಲ್ಲ. ಆಮೇಲೆ ಮಗನಿಗೆ ಸರಕಾರಿ ನೌಕರಿಯಾಯಿತು, ‘ಮೇಷ್ಟ್ರೇ’ ಎಂದು ಊರಿನವರೇ ಕರೆದು ಕೂರಿಸತೊಡಗಿದರು. “ಅಪ್ಪ ನಿಂತ ಜಾಗದಲ್ಲಿ ನಾನೂ ನಿಲ್ಲುತ್ತೇನೆ. ಕೋಪವಲ್ಲ, ಅದು ಅವನಿಗೆ ನಾನು ಕೊಡುವ ಮರ್ಯಾದೆ” ಎಂದು ಮೇಷ್ಟ್ರು ಆ ರಾತ್ರಿ ಹೇಳಿದ್ದರು. ನಾನು ಮರುಮಾತನಾಡಲಿಲ್ಲ. ಆಡಬಹುದಾದ ಮಾತೂ ಇರಲಿಲ್ಲ.

ಬೆಳಿಗ್ಗೆ ಮಧುರೆಯಲ್ಲಿ ಇಳಿದು, ವಸತಿಗೃಹದಲ್ಲಿ ಸ್ನಾನ ಮುಗಿಸಿ, ಮೊದಲು ಹತ್ತಿರದಲ್ಲೇ ಇದ್ದ ಕೂಡಲ್ ಅಳಗರ್ ದೇವಾಲಯಕ್ಕೆ ಹೋದೆವು. ವೈಷ್ಣವರ 108 ದಿವ್ಯದೇಶಗಳಲ್ಲಿ ಒಂದಾದ ಈ ಗುಡಿಯ ವಿಮಾನದಲ್ಲಿ ಒಂದರ ಮೇಲೊಂದರಂತೆ ಮೂರು ನೆಲೆಗಳಿದ್ದು, ಸ್ವಾಮಿಯು ಕುಳಿತ, ನಿಂತ ಹಾಗೂ ಮಲಗಿದ ಮೂರು ಭಂಗಿಗಳಲ್ಲಿ ದರ್ಶನವೀಯುತ್ತಾನೆ. ಮೇಷ್ಟ್ರು ಎಂದಿನಂತೆ ಎದುರಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಉಳಿದರು.

ಅಲ್ಲಿಂದ ಆಟೋ ಹಿಡಿದು ಗಾಂಧಿ ಸ್ಮಾರಕ ವಸ್ತುಸಂಗ್ರಹಾಲಯವನ್ನು ತಲುಪಿದಾಗ ಹತ್ತು ಗಂಟೆ. ಇದು ಇರುವುದು ಮಧುರೆಯ ನಾಯಕರ ವಂಶದ ರಾಣಿ ಮಂಗಮ್ಮಾಳಳ ಬೇಸಗೆಯ ಅರಮನೆಯಾಗಿದ್ದ ತಮುಕ್ಕಂನಲ್ಲಿ. ಬೆಳ್ಳಗಿನ ಗೋಡೆ, ಗುಮ್ಮಟ, ಕಮಾನುಗಳ ಈ ಕಟ್ಟಡದಲ್ಲಿ 1959ರ ಏಪ್ರಿಲ್ 15ರಂದು ಜವಾಹರಲಾಲ್ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. ಅದೇ ಆವರಣದಲ್ಲಿ 1981ರಲ್ಲಿ ಆರಂಭವಾದ ಸರಕಾರಿ ವಸ್ತುಸಂಗ್ರಹಾಲಯವೂ ಇದೆ. ಮೊದಲ ಭಾಗದಲ್ಲಿ ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನು ಇನ್ನೂರಕ್ಕೂ ಹೆಚ್ಚು ಚಿತ್ರಗಳ ಮೂಲಕ ಹೇಳಲಾಗಿದೆ. ಅದನ್ನು ನೋಡುವಾಗ ನನ್ನ ಹಳೆಯ ಚಟ ಜಾಗೃತವಾಗಿ, ಪ್ರತಿ ಚಿತ್ರದ ಮುಂದೆಯೂ ನಿಂತು ಇಸವಿ ಹೇಳತೊಡಗಿದೆ. “ಸಾರ್, ಬೆಲ್ ಹೊಡೆದಾಯಿತು” ಎಂದು ಮೇಷ್ಟ್ರು ನಗಿಸಿದರು. ಹಿಟ್ಲರನಿಗೆ ಗಾಂಧೀಜಿ ಬರೆದ ಪತ್ರದ ಪ್ರತಿಯೂ ಅಲ್ಲಿದೆ.

ಕೊನೆಯ ಭಾಗದಲ್ಲಿ ಗಾಂಧೀಜಿ ಬಳಸಿದ ವಸ್ತುಗಳಿವೆ. ಅವುಗಳ ನಡುವೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ, 1948ರ ಜನವರಿ 30ರಂದು ಗುಂಡೇಟು ಬಿದ್ದಾಗ ಅವರ ಮೈಮೇಲಿದ್ದ ವಸ್ತ್ರ, ರಕ್ತದ ಕಲೆಯೊಡನೆ. ಪಠ್ಯಪುಸ್ತಕದಲ್ಲಿ ಈ ಸಂಗತಿ ಒಂದು ಸಾಲು. ಆ ಸಾಲನ್ನು ನಾನು ಎಷ್ಟು ಸಲ ಓದಿಸಿದ್ದೆನೋ ಲೆಕ್ಕವಿಲ್ಲ. ಆ ಬಟ್ಟೆಯ ಎದುರು ನಿಂತಾಗ ಬಾಯಿಗೆ ಯಾವ ಇಸವಿಯೂ ಬರಲಿಲ್ಲ. ನಮ್ಮ ಹಿಂದೆ ಯಾವುದೋ ಶಾಲೆಯ ಮಕ್ಕಳ ಗುಂಪೊಂದು ಗದ್ದಲ ಮಾಡುತ್ತ ಬಂದಿತು. ಪೆಟ್ಟಿಗೆಯನ್ನು ಕಂಡೊಡನೆ ಯಾರೂ ಹೇಳದೆಯೇ ಆ ಮಕ್ಕಳು ಮೌನವಾದರು.

ಮೇಷ್ಟ್ರು ಅಲ್ಲಿ ಬಹಳ ಹೊತ್ತು ನಿಂತರು. ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತಾಗ ಹೇಳಿದರು: “ಗಾಂಧೀಜಿ ತುಂಡುಬಟ್ಟೆಗೆ ಇಳಿಯಬೇಕಾದರೆ ಒಂದು ವ್ರತ ಬೇಕಾಯಿತು. ನಮ್ಮಪ್ಪನಿಗೆ ಅದು ಹುಟ್ಟಿನಿಂದಲೇ ಬಂದಿತ್ತು ನೋಡಿ.” ಅದರಲ್ಲಿ ಕುಹಕವಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದರು, ಅಷ್ಟೇ.

ಆ ವ್ರತ ನಡೆದ ಮನೆ ಇದೇ ಊರಿನ ಪಶ್ಚಿಮ ಮಾಸಿ ಬೀದಿಯಲ್ಲಿದೆ, 251-ಎ ಎಂಬ ಸಂಖ್ಯೆ. ಮಧ್ಯಾಹ್ನದ ಊಟದ ನಂತರ ಅಲ್ಲಿಗೆ ಹೋದೆವು. 1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮದರಾಸಿನಿಂದ ಮಧುರೆಗೆ ರೈಲಿನಲ್ಲಿ ಬರುತ್ತಿದ್ದಾಗ, ವಿದೇಶಿ ಬಟ್ಟೆ ತೊಟ್ಟ ಸಹಪ್ರಯಾಣಿಕರಿಗೆ ಖಾದಿ ಧರಿಸುವಂತೆ ಹೇಳಿದರು. ಖಾದಿ ಬಲು ದುಬಾರಿ, ಕೊಳ್ಳುವ ಶಕ್ತಿ ನಮಗಿಲ್ಲ ಎಂದು ಅವರು ಉತ್ತರಿಸಿದರು. ಆಗ ಗಾಂಧೀಜಿಯ ಮೈಮೇಲೆ ಟೋಪಿ, ಅಂಗಿ, ಪೂರ್ಣ ಪಂಚೆ ಎಲ್ಲವೂ ಇದ್ದವು. ಬಡವರಿಗೆ ಉಪದೇಶಿಸುವವನು ತಾನು ಎಷ್ಟು ಗಜ ಬಟ್ಟೆ ಉಟ್ಟಿದ್ದಾನೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಸೆಪ್ಟೆಂಬರ್ 22ರಂದು ಈ ಮನೆಯ ಮಹಡಿಯಿಂದ ಹೊರಬಂದಾಗ ಅವರು ಮೊಣಕಾಲ ಮೇಲಿನ ತುಂಡು ಪಂಚೆಯಲ್ಲಿದ್ದರು. ಮೊದಲು ಅಕ್ಟೋಬರ್ ಕೊನೆಯವರೆಗಿನ ಪ್ರಯೋಗವೆಂದು ಸಾರಿದ್ದು ಜೀವಮಾನದ ಉಡುಪಾಯಿತು. ಅದೇ ಉಡುಪಿನಲ್ಲಿ ಅವರು 1931ರಲ್ಲಿ ಲಂಡನ್ನಿಗೂ ಹೋಗಿ ಬಂದರು.

ನಾವು ಹೋದಾಗ ಆ ಮನೆಯ ಕೆಳಭಾಗದಲ್ಲಿ ಖಾದಿ ಮಳಿಗೆಯಿತ್ತು. ಮಹಡಿಯಲ್ಲಿ ಗಾಂಧೀಜಿಯ ಪ್ರತಿಮೆ, ಚಿತ್ರಗಳು. ಮೇಷ್ಟ್ರು ಮೇಲೆ ಹೋಗಿ ನೋಡಿ ಬಂದವರೇ, ಮಳಿಗೆಯಲ್ಲಿ ಎಂಟು ಮೊಳದ ಒಂದು ಪೂರ್ಣ ಪಂಚೆಯನ್ನು ಬಿಡಿಸಿ ನೋಡಿ ಕೊಂಡರು. “ಎಲ್ಲರೂ ಇಲ್ಲಿಂದ ತುಂಡು ಪಂಚೆಯ ಕಥೆ ಕೊಂಡೊಯ್ಯುತ್ತಾರೆ. ನಾನು ಪೂರ್ತಿ ಪಂಚೆಯನ್ನೇ ಒಯ್ಯುತ್ತೇನೆ. ನಮ್ಮ ಮನೆಯಲ್ಲಿ ಅದಕ್ಕೆ ಬೆಲೆ ಹೆಚ್ಚು” ಎಂದರು. ಅಂದಿನ ಬೆಲೆಯಲ್ಲಿಯೂ ಖಾದಿ ಅಗ್ಗವೇನೂ ಆಗಿರಲಿಲ್ಲ. ರೈಲಿನ ಆ ಪ್ರಯಾಣಿಕರ ಮಾತು ಒಂದು ಶತಮಾನ ಕಳೆಯುತ್ತ ಬಂದರೂ ಹಳತಾಗಿರಲಿಲ್ಲ.

ತಿರುಮಲ ನಾಯಕನ ಅರಮನೆಯನ್ನು ಅವಸರದಲ್ಲಿಯೇ ನೋಡಿದೆವು. 1636ರಲ್ಲಿ ಕಟ್ಟಿದ ಅರಮನೆಯ ಒಂದು ಅಂಶ ಮಾತ್ರ ಈಗ ಉಳಿದಿದೆ. ಆ ದೈತ್ಯ ಕಂಬಗಳ ನಡುವೆ ನಿಂತಾಗ ಮನುಷ್ಯ ಇರುವೆಯಂತೆ ಕಾಣುತ್ತಾನೆ. ಈ ನಾಯಕರು ಮೂಲತಃ ವಿಜಯನಗರದ ಅಧೀನದಲ್ಲಿ ಅಧಿಕಾರಕ್ಕೆ ಬಂದವರು. ಅದಕ್ಕೂ ಮೊದಲು, 14ನೆಯ ಶತಮಾನದ ಉತ್ತರಾರ್ಧದಲ್ಲಿ, ಬುಕ್ಕರಾಯನ ಮಗ ಕುಮಾರ ಕಂಪಣನು ಮಧುರೆಯ ಸುಲ್ತಾನರನ್ನು ಸೋಲಿಸಿದ ಮೇಲೆ ಮೀನಾಕ್ಷಿ ದೇವಾಲಯದಲ್ಲಿ ಪೂಜೆ ಪುನರಾರಂಭವಾಯಿತು. ಆ ದಂಡಯಾತ್ರೆಯನ್ನು ಅವನ ಪತ್ನಿ ಗಂಗಾದೇವಿಯು ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯದಲ್ಲಿ ವರ್ಣಿಸಿದ್ದಾಳೆ. ಕನ್ನಡ ನಾಡಿಗೂ ಈ ದೇವಾಲಯಕ್ಕೂ ಇರುವ ಈ ನಂಟನ್ನು ನಮ್ಮವರಲ್ಲಿ ಅನೇಕರು ಬಲ್ಲವರಲ್ಲ.

ದೇವಾಲಯದ ಬಾಗಿಲು ಮಧ್ಯಾಹ್ನ ಮುಚ್ಚಿ ನಾಲ್ಕು ಗಂಟೆಗೆ ತೆರೆಯುತ್ತಿದ್ದುದರಿಂದ, ನಡುವಿನ ಸಮಯ ಹೆಂಗಸರ ವ್ಯಾಪಾರಕ್ಕೆ ಮೀಸಲಾಯಿತು. ಪೂರ್ವ ಗೋಪುರದೆದುರಿನ ಪುದು ಮಂಟಪವು ತಿರುಮಲ ನಾಯಕನೇ ಕಟ್ಟಿಸಿದ ಕಲ್ಲಿನ ಮಂಟಪ. ಕಂಬಗಳಲ್ಲಿ ನಾಯಕ ಅರಸರ ಆಳೆತ್ತರದ ಮೂರ್ತಿಗಳು. ಆ ಮೂರ್ತಿಗಳ ಕಾಲಬುಡದಲ್ಲಿ ಅಂದು ದರ್ಜಿಗಳು ಸಾಲಾಗಿ ಕುಳಿತು ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಕುಂಕುಮ, ಹಿತ್ತಾಳೆಯ ದೀಪ, ಪುಸ್ತಕ, ಬಳೆ, ನೃತ್ಯದ ಒಡವೆ, ಎಲ್ಲವೂ ಒಂದೇ ಸೂರಿನಡಿ. ಈಗ ಆ ಅಂಗಡಿಗಳೆಲ್ಲ ಸಮೀಪದ ಕುನ್ನತ್ತೂರ್ ಛತ್ರಕ್ಕೆ ಸ್ಥಳಾಂತರಗೊಂಡಿವೆ. ಶಿಲ್ಪಗಳಿಗೆ ಅದು ಒಳ್ಳೆಯದೇ. ಆದರೂ ಅರಸನ ಪಾದದ ಬಳಿ ರವಿಕೆ ಹೊಲಿಸಿಕೊಂಡ ಭಾಗ್ಯ ನಮ್ಮ ಮನೆಯಾಕೆಗೆ ಆ ದಿನ ದೊರೆಯಿತು.

ಸುಂಗುಡಿ ಸೀರೆಗಾಗಿ ಪಕ್ಕದ ಬೀದಿಯ ಅಂಗಡಿಯೊಂದಕ್ಕೆ ಹೋದೆವು. ಸುಂಗುಡಿ ಮಧುರೆಯ ಸೌರಾಷ್ಟ್ರ ಸಮುದಾಯದ ಕಸುಬು. ಇವರ ಪೂರ್ವಿಕರು ಗುಜರಾತಿನ ಕಡೆಯಿಂದ ಶತಮಾನಗಳ ಹಿಂದೆ ವಲಸೆ ಬಂದವರು. ಮನೆಯಲ್ಲಿ ಇಂದಿಗೂ ತಮ್ಮದೇ ಸೌರಾಷ್ಟ್ರ ಭಾಷೆಯನ್ನಾಡುತ್ತಾರೆ. ಹತ್ತಿ ಬಟ್ಟೆಯನ್ನು ಉಗುರಿನ ತುದಿಯಿಂದ ಚಿವುಟಿ ಎತ್ತಿ, ದಾರದಿಂದ ಬಿಗಿದು ಗಂಟು ಹಾಕುತ್ತಾರೆ. ಹೀಗೆ ಸಾವಿರಾರು ಗಂಟುಗಳಾದ ಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಒಣಗಿಸಿ ಗಂಟುಗಳನ್ನು ಬಿಚ್ಚಿದಾಗ, ಬಣ್ಣ ತಾಗದ ಕಡೆಯೆಲ್ಲ ಬಿಳಿಯ ಚುಕ್ಕೆ ಮೂಡುತ್ತದೆ. 2005ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾರುಕಟ್ಟೆಯಲ್ಲಿ ಸುಂಗುಡಿಯ ಹೆಸರಿನಲ್ಲಿ ಸಿಗುವ ಸೀರೆಗಳಲ್ಲಿ ಹೆಚ್ಚಿನವು ಅಚ್ಚು ಹಾಕಿದವು. ಗಂಟು ಕಟ್ಟುವವರು ಕಡಿಮೆಯಾಗುತ್ತಿದ್ದಾರೆ.

ಅಂಗಡಿಯಾತ ಎರಡೂ ಬಗೆಯ ಸೀರೆಗಳನ್ನು ಹರವಿದ. ಕೈಯಿಂದ ಕಟ್ಟಿದ್ದರ ಬೆಲೆ ಅಚ್ಚಿನ ಸೀರೆಯದರ ಹಲವು ಪಟ್ಟು. ಇಬ್ಬರು ಹೆಂಗಸರೂ ಕನ್ನಡ, ತಮಿಳು, ಕೈಸನ್ನೆ ಮೂರನ್ನೂ ಬೆರೆಸಿ ಚೌಕಾಸಿಗೆ ಇಳಿದರು. ಆಗ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಎರಡು ಸೀರೆಗಳನ್ನು ಬೆಳಕಿಗೆ ಹಿಡಿದರು. ಅಚ್ಚಿನ ಚುಕ್ಕೆಗಳು ಒಂದೇ ಅಳತೆಯವು, ಅಂಚು ಕತ್ತರಿಸಿದಂತೆ. ಕಟ್ಟಿದ ಚುಕ್ಕೆಗಳಲ್ಲಿ ಒಂದು ಇನ್ನೊಂದರಂತಿಲ್ಲ. ನಡುವೆ ಬಣ್ಣದ ಸಣ್ಣ ಬಿಂದು, ಸುತ್ತ ಅಂಕುಡೊಂಕಾದ ಬಿಳಿಯ ಉಂಗುರ, ಬಟ್ಟೆಯಲ್ಲಿ ಗಂಟಿನ ಸುಕ್ಕು. ತರಗತಿಯಲ್ಲಿ ನಿಮಗೆಲ್ಲ ವಿವರಿಸುತ್ತಿದ್ದ ಅದೇ ಧ್ವನಿಯಲ್ಲಿ ಅವರು ಇಷ್ಟನ್ನೂ ತೋರಿಸಿಕೊಟ್ಟು, ಕೊನೆಗೆ ಹೆಂಡತಿಗೆ, “ಒಂದೊಂದು ಚುಕ್ಕೆಗೂ ಯಾರೋ ಒಂದು ಗಂಟು ಹಾಕಿದ್ದಾರೆ. ಅಪ್ಪ ಬಿಗಿದ ನಗಾರಿಗೂ ಹೀಗೆಯೇ ಚೌಕಾಸಿ ಮಾಡುತ್ತಿದ್ದರು” ಎಂದರು. ಚೌಕಾಸಿ ಅಲ್ಲಿಗೆ ನಿಂತಿತು. ಅವರ ಪತ್ನಿ ಕಡುಕೆಂಪಿನ ಕಟ್ಟಿದ ಸೀರೆಯೊಂದನ್ನು ಹೇಳಿದ ಬೆಲೆಗೆ ಕೊಂಡರು. ನನ್ನವಳು ಲೆಕ್ಕ ಹಾಕಿ ಅಚ್ಚಿನವು ಮೂರನ್ನು ಕೊಂಡಳು. ಬಂಧುಗಳಿಗೆ ಹಂಚಬೇಕಿತ್ತಲ್ಲ! ಪಡೆದವರು ಇದನ್ನು ಓದುತ್ತಿದ್ದರೆ ಬೇಸರಿಸಬಾರದು.

ನಾಲ್ಕೂವರೆಗೆ ದೇವಾಲಯದ ಮುಂದೆ ಬಂದೆವು. ಒಟ್ಟು ಹದಿನಾಲ್ಕು ಗೋಪುರಗಳು. ಅವುಗಳಲ್ಲಿ ದಕ್ಷಿಣದ್ದೇ ಎತ್ತರ, ಸುಮಾರು 170 ಅಡಿ. ಚಪ್ಪಲಿ ಬಿಡುವ ಜಾಗದಲ್ಲಿ ಮೇಷ್ಟ್ರು ನಿಂತರು. “ಹೋಗಿ ಬನ್ನಿ” ಎನ್ನುತ್ತಾರೆಂದು ನಾನು ಕಾದೆ. ಅವರು ಹಾಗೆನ್ನದೆ, “ಸಾರ್, ಇಲ್ಲಿ ಯಾವಾಗ ಒಳಗೆ ಬಿಟ್ಟರು?” ಎಂದು ಕೇಳಿದರು.

ಇಸವಿ ಹೇಳುವುದು ನನ್ನ ವೃತ್ತಿ. ಆದರೆ ಅಷ್ಟು ಎಚ್ಚರಿಕೆಯಿಂದ ನಾನೆಂದೂ ಹೇಳಿದ್ದಿಲ್ಲ. 1939ರ ಜುಲೈ 8. ಮಧುರೆಯ ವಕೀಲರೂ ಕಾಂಗ್ರೆಸ್ ನಾಯಕರೂ ಆಗಿದ್ದ ಎ. ವೈದ್ಯನಾಥ ಅಯ್ಯರ್ ಅವರು ಐವರು ದಲಿತರನ್ನೂ ಒಬ್ಬ ನಾಡಾರರನ್ನೂ ಕರೆದುಕೊಂಡು ಈ ದೇವಾಲಯವನ್ನು ಪ್ರವೇಶಿಸಿದರು. ಐವರಲ್ಲಿ ಒಬ್ಬರು ಪಿ. ಕಕ್ಕನ್. ಮುಂದೆ ಅವರು ಲೋಕಸಭಾ ಸದಸ್ಯರಾದರು, ತಮಿಳುನಾಡಿನ ಮಂತ್ರಿಗಳಾದರು, ಸರಳ ಬದುಕಿಗೆ ಹೆಸರಾದರು. ಪ್ರವೇಶವನ್ನು ವಿರೋಧಿಸಿ ಕೆಲವು ಅರ್ಚಕರು ಪ್ರತಿಭಟಿಸಿದರು. ಆಗ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ರಾಜಾಜಿಯವರ ಸರಕಾರ, ಪ್ರವೇಶಿಸಿದವರಿಗೂ ನೆರವಾದವರಿಗೂ ಕಾನೂನಿನ ರಕ್ಷಣೆ ನೀಡುವ ಕಾಯಿದೆಯನ್ನು ಅದೇ ವರ್ಷ ತಂದಿತು. ತಿರುವಾಂಕೂರಿನಲ್ಲಿ ಮಹಾರಾಜರ ಘೋಷಣೆಯಿಂದ 1936ರಲ್ಲಿ ಬಾಗಿಲು ತೆರೆದಿತ್ತು. ಇಲ್ಲಿ ಮೊದಲು ಕಾಲುಗಳು ಒಳಗೆ ನಡೆದವು, ಕಾಯಿದೆ ಹಿಂದಿನಿಂದ ಬಂತು.

“ಗಾಂಧೀಜಿ?” ಎಂದರು ಮೇಷ್ಟ್ರು.

ಗಾಂಧೀಜಿ ಈ ಊರಿಗೆ ಐದು ಸಲ ಬಂದಿದ್ದರು. ದಲಿತರಿಗೆ ಪ್ರವೇಶವಿಲ್ಲದಿದ್ದಷ್ಟು ಕಾಲ ಅವರೂ ಒಳಗೆ ಹೋಗಲಿಲ್ಲ. ಹೋದದ್ದು 1946ರ ಫೆಬ್ರವರಿಯಲ್ಲಿ.

ಮೇಷ್ಟ್ರು ಸ್ವಲ್ಪ ಹೊತ್ತು ಗೋಪುರವನ್ನು ನೋಡುತ್ತ ನಿಂತು, ಚಪ್ಪಲಿಯನ್ನು ಕಳಚಿ ಚೀಟಿ ಪಡೆದರು. “ನಡೆಯಿರಿ. ಇಲ್ಲಿ ಮುಂಚೆಯೇ ಹೋಗಿ ಬಂದವರಿದ್ದಾರೆ” ಎಂದರು. ಅವರ ಪತ್ನಿ ಏನೂ ಮಾತನಾಡದೆ ಸೆರಗನ್ನು ಸರಿಪಡಿಸಿಕೊಂಡರು. ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಇಬ್ಬರೂ ಜೊತೆಯಾಗಿ ಒಂದು ದೇವಾಲಯದೊಳಗೆ ಕಾಲಿಟ್ಟದ್ದು ಅದೇ ಮೊದಲೆಂದು ಆಮೇಲೆ ನನ್ನವಳಿಂದ ತಿಳಿಯಿತು.

ಹಿಂದಿನ ವರ್ಷ, 2018ರ ಫೆಬ್ರವರಿ 2ರ ರಾತ್ರಿ, ವೀರ ವಸಂತರಾಯ ಮಂಟಪದಲ್ಲಿ ಬೆಂಕಿ ಹೊತ್ತಿ ಬಹಳ ಹಾನಿಯಾಗಿತ್ತು. ಆ ವರ್ಷದಿಂದ ಮೊಬೈಲನ್ನೂ ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ನಮ್ಮಲ್ಲಿ ಆ ಸಂಜೆಯ ಒಂದು ಛಾಯಾಚಿತ್ರವೂ ಇಲ್ಲ. ಸಾವಿರ ಕಂಬಗಳ ಮಂಟಪದಲ್ಲಿ ನಿಜಕ್ಕೂ ಇರುವುದು 985 ಕಂಬಗಳು. ಅದನ್ನು ನೋಡಲು ಸಮಯ ಸಾಲಲಿಲ್ಲ. ಹೊನ್ನಿನ ತಾವರೆಯ ಕೊಳದ ಬಳಿ ಬಂದಾಗ ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತರು. “ಇಷ್ಟು ಸಾಕು. ಸಾಲಿನಲ್ಲಿ ನೀವು ನಿಂತು ಬನ್ನಿ” ಎಂದರು. ಅವರ ಪತ್ನಿ ನಮ್ಮೊಡನೆ ಗರ್ಭಗುಡಿಯ ಸಾಲಿಗೆ ಬಂದರು. ಒಂದು ಗಂಟೆಗೂ ಮಿಕ್ಕಿ ನಿಂತು, ಎಣ್ಣೆಯ ದೀಪದ ಬೆಳಕಿನಲ್ಲಿ ಮೀನಾಕ್ಷಿಯನ್ನು ಅರೆಕ್ಷಣ ಕಂಡು ಹೊರಬಂದೆವು. ಮರಳಿ ಬಂದಾಗ ಮೇಷ್ಟ್ರು ಕುಳಿತಲ್ಲಿಯೇ ಇದ್ದರು. ಪಕ್ಕದಲ್ಲಿ ಯಾವುದೋ ಊರಿನ ಮುದುಕನೊಬ್ಬ ಅವರೊಡನೆ ತಮಿಳಿನಲ್ಲಿ ಹರಟುತ್ತಿದ್ದ. ಇವರಿಗೆ ತಮಿಳು ಬಾರದು, ಅವನಿಗೆ ಅದರ ಪರಿವೆಯಿರಲಿಲ್ಲ. ಪತ್ನಿ ತಂದ ಕುಂಕುಮವನ್ನು ಅವರು ಹಣೆಗಿಡಲಿಲ್ಲ. ಕಾಗದದಲ್ಲಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಹೊರಗೆ ಮಲ್ಲಿಗೆ ಮಾರುವವಳು ತನ್ನ ಮೊಣಕೈಯಿಂದಲೇ ಮೊಳ ಅಳೆದು ಕೊಡುತ್ತಿದ್ದಳು. ಮಧುರೆಯ ಮಲ್ಲಿಗೆಗೂ 2013ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ದಪ್ಪ ದಳ, ಬೇಗ ಬಾಡದ ಗುಣ. ಮೈಸೂರು ಮಲ್ಲಿಗೆಯೇ ಮೇಲು ಎಂಬ ನನ್ನ ವಾದವನ್ನು ಇಬ್ಬರು ಹೆಂಗಸರೂ ತಲೆಗೆ ಮುಡಿಯುತ್ತಲೇ ತಳ್ಳಿಹಾಕಿದರು. ಹಾಲು, ಬಾದಾಮಿ ಅಂಟು, ನನ್ನಾರಿ ಪಾನಕ, ಐಸ್‌ಕ್ರೀಮ್ ಬೆರೆಸಿದ ಜಿಗರ್‌ತಂಡಾವನ್ನು ಎಲ್ಲರೂ ಕುಡಿದೆವು. ನನಗೆ ಸಕ್ಕರೆ ನಿಷಿದ್ಧವೆಂಬುದನ್ನು ಆ ರಾತ್ರಿ ಯಾರೂ ನೆನಪಿಸಲಿಲ್ಲ.

ವಸತಿಗೃಹದಲ್ಲಿ ಮಲಗುವ ಮುನ್ನ ಮೇಷ್ಟ್ರು ನೆನಪಿನಿಂದ ಒಂದು ಚಿತ್ರ ಬರೆದರು. ಗೋಪುರವನ್ನೇ ಬರೆಯುತ್ತಾರೆಂದು ನಾನು ಊಹಿಸಿದ್ದೆ. ಬರೆದದ್ದು ಕೊಳದ ಮೆಟ್ಟಿಲು ಮತ್ತು ಅದರ ಮೇಲೆ ಕುಳಿತ ಜನ. ಮುದುಕ, ಮಗುವಿಗೆ ಹಾಲೂಡಿಸುವ ತಾಯಿ, ನಿದ್ದೆ ಹೋದ ಯಾತ್ರಿಕ. ಮೂಲೆಯಲ್ಲಿ ತುಂಡು ಪಂಚೆಯುಟ್ಟು, ಮಡಿಲಲ್ಲಿ ತಮಟೆ ಇರಿಸಿಕೊಂಡ ಒಬ್ಬ. ಆ ಸಂಜೆ ಅಂಥವನಾರನ್ನೂ ನಾವು ಅಲ್ಲಿ ಕಂಡಿರಲಿಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ದಿನದ ನಂತರ ಅವರು ಎಲ್ಲ ದೇವಾಲಯಗಳಿಗೂ ಹೋಗತೊಡಗಿದರೆಂದು ಬರೆದರೆ ಕಥೆ ಚೆನ್ನಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ತಮ್ಮ ಊರಿನ ಗುಡಿಯ ಮುಂದೆ ಈಗಲೂ ಅವರು ಹೊರಗೇ ನಿಲ್ಲುತ್ತಾರೆ. “ಇಲ್ಲಿ ನನ್ನನ್ನು ಕರೆಯುತ್ತಾರೆ, ಅಪ್ಪನನ್ನು ಕರೆದಿರಲಿಲ್ಲ” ಎನ್ನುತ್ತಾರೆ. ಅದು ಅವರ ತೀರ್ಮಾನ. ನಾವು ಗೌರವಿಸಬೇಕಾದ ತೀರ್ಮಾನ. ಆ ಖಾದಿ ಪಂಚೆಯನ್ನು ಮಾತ್ರ ಮೊಮ್ಮಗಳ ನಾಮಕರಣದ ದಿನ ಉಟ್ಟಿದ್ದರು.

ಮಧುರೆಗೆ ಹೋಗುವವರಿಗೆ ನನ್ನದೊಂದು ಸಲಹೆ. ದೇವಾಲಯಕ್ಕೆ ಮೊದಲು ಗಾಂಧಿ ವಸ್ತುಸಂಗ್ರಹಾಲಯವನ್ನೂ ಪಶ್ಚಿಮ ಮಾಸಿ ಬೀದಿಯ ಆ ಮನೆಯನ್ನೂ ನೋಡಿರಿ. ಮಕ್ಕಳನ್ನು ಕರೆದೊಯ್ದರೆ ಗೋಪುರದ ಎತ್ತರದೊಡನೆ 1939ರ ಜುಲೈ 8ನ್ನೂ ಹೇಳಿಕೊಡಿ. ಸೀರೆ ಕೊಳ್ಳುವಾಗ ಚುಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿ. ಕಟ್ಟಿದ್ದೇ ಆದರೆ, ದಯವಿಟ್ಟು ಚೌಕಾಸಿ ಮಾಡಬೇಡಿ.